ಕಾಯಿ ಉದುರುವ ಮುನ್ನ

ಶೃಂಗೇರಿ ಸೀಮೆಯ ಬೇಗಾರಿನಲ್ಲಿ ಮುಂಗಾರು ಇಳಿಯುವ ಮೊದಲೇ ಅಡಿಕೆಯ ಗೊನೆಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸುತ್ತಾರೆ. ಆಗ ಗೊನೆ ಹಸುರಾಗಿರುತ್ತದೆ. ಕೊಳೆಗೆ ಒಂದು ಕಾಯಿಯೂ ಉದುರಿರುವುದಿಲ್ಲ. ಉದುರತೊಡಗಿದ ಮೇಲೆ ಮರವೇರಿದರೆ ಫಲ ಕಡಿಮೆಯೆಂಬುದನ್ನು ಅಲ್ಲಿನ ತೋಟಗಾರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಂಥ ತೋಟಗಾರನೊಬ್ಬನಿಗೆ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ನಿಧಾನಗತಿಯ ರಕ್ತದ ಕ್ಯಾನ್ಸರ್ ಬಂದಿದೆಯೆಂದು ಭಾವಿಸಬಹುದು. ಈ ರೋಗಿಗಳ ರಕ್ತಕಣಗಳಲ್ಲಿ ಗಿಡ್ಡವಾದೊಂದು ವರ್ಣತಂತು ಇರುವುದನ್ನು 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ನೋವೆಲ್ ಮತ್ತು ಹಂಗರ್‌ಫೋರ್ಡ್ ತಿಳಿಸಿದರು. 9 ಮತ್ತು 22ನೆಯ ವರ್ಣತಂತುಗಳ ತುಂಡುಗಳು ಅದಲುಬದಲಾಗುವುದೇ ಇದಕ್ಕೆ ಕಾರಣವೆಂದು 1973ರಲ್ಲಿ ಜಾನೆಟ್ ರೌಲಿ ತೋರಿಸಿದರು. ಆ ದೋಷವನ್ನೇ ಹತ್ತಿಕ್ಕುವ ಇಮ್ಯಾಟಿನಿಬ್ ಗುಳಿಗೆಗೆ 2001ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅಂದಿನಿಂದ ಬಹುಮಂದಿ ದಿನವೂ ಗುಳಿಗೆ ನುಂಗುತ್ತ, ತಮ್ಮ ಕೆಲಸ ತಾವು ಮಾಡಿಕೊಂಡು ವರ್ಷಗಳನ್ನು ಕಳೆಯುವಂತಾಯಿತು.

ಅಪಾಯ ಅಡಗಿರುವುದು ಈ ಸೌಖ್ಯದಲ್ಲಿಯೇ. “ಮೈ ಚೆನ್ನಾಗಿದೆಯಲ್ಲ, ಇನ್ನೇಕೆ ಮದ್ದು?” ಎಂದು ಆತ ವೈದ್ಯರನ್ನು ಕೇಳದೆ ಗುಳಿಗೆಯನ್ನೂ ರಕ್ತಪರೀಕ್ಷೆಯನ್ನೂ ಬಿಡುತ್ತಾನೆ. ತಪ್ಪದೆ ನುಂಗಿದವರಲ್ಲಿಯೂ ಕೆಲವೊಮ್ಮೆ ರೋಗ ಮದ್ದಿಗೆ ಬಗ್ಗದೆ ಮುಂದುವರಿಯುವುದುಂಟು.

ಆ ತಿರುವನ್ನು ಮೊದಲು ಗಮನಿಸುವವಳು ಬಡಿಸುವ ಮನೆಯಾಕೆಯೇ ಆಗಿರಬಹುದು. ನಾಲ್ಕು ತುತ್ತಿಗೆ ಹೊಟ್ಟೆ ತುಂಬಿತೆನ್ನುತ್ತಾನೆ. ಎಡ ಪಕ್ಕೆಯ ಕೆಳಗೆ ಊದಿದ ಗುಲ್ಮ ಜಠರವನ್ನು ಒತ್ತುತ್ತಿರುತ್ತದೆ. ಜ್ವರ, ರಾತ್ರಿಯ ಬೆವರು, ಎಲುಬಿನ ನೋವು, ಪೆಟ್ಟಿಲ್ಲದೆ ಮೂಡುವ ನೀಲಿ ಕಲೆಗಳು ಬರಬಹುದು. ಮಲೆನಾಡಿನಲ್ಲಿ ಜ್ವರವೆಂದರೆ ಮನಸ್ಸು ಮೊದಲು ಮಂಗನ ಕಾಯಿಲೆಯತ್ತ ಓಡುತ್ತದೆ. ಎರಡರಲ್ಲಿಯೂ ರಕ್ತದ ಪ್ಲೇಟ್‌ಲೆಟ್‌ಗಳು ಇಳಿಯಬಹುದು. ಆದರೆ ಮಂಗನ ಕಾಯಿಲೆಯಲ್ಲಿ ಸಾಮಾನ್ಯವಾಗಿ ಬಿಳಿ ಕಣಗಳೂ ಕಡಿಮೆಯಾಗುತ್ತವೆ. ಇಲ್ಲಿ ಅವು ಹೆಚ್ಚಾಗಿ ಏರುತ್ತವೆ.

ನಿರ್ಣಯ ಊಹೆಯಿಂದಾಗದು. ಗಾಜಿನ ಮೇಲೆ ಸವರಿದ ರಕ್ತದ ಹನಿಯನ್ನೂ ಎಲುಬಿನ ಮಜ್ಜೆಯನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿ, ಬಲಿಯದ ಕಣಗಳನ್ನು ಎಣಿಸಬೇಕು. ಅವು ನೂರಕ್ಕೆ 20ನ್ನು ಮುಟ್ಟಿದರೆ ರೋಗ ಉಲ್ಬಣಾವಸ್ಥೆಗೆ ಬಂದಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಹೇಳುತ್ತದೆ. ಆ ಕಣಗಳ ಜಾತಿ ಯಾವುದು, ವರ್ಣತಂತುಗಳಲ್ಲಿ ಹೊಸ ದೋಷ ಸೇರಿದೆಯೇ ಎಂಬುದನ್ನೂ ತಿಳಿಯಬೇಕು. ಮುಂದಿನ ಚಿಕಿತ್ಸೆ ಅದನ್ನು ಅವಲಂಬಿಸಿದೆ. ಇದಕ್ಕಾಗಿ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೋ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಹೋಗಬೇಕಾದೀತು.

ಆ ಹಂತದಲ್ಲಿ ಹೋರಾಟ ಕಠಿಣ. ಹಸುರು ಗೊನೆಗೆ ಮದ್ದು ಹೊಡೆಯುವ ವಿವೇಕವನ್ನು ತೋಟಗಾರ ತನ್ನ ದೇಹಕ್ಕೂ ಸಲ್ಲಿಸಿದರೆ, ಆ ಹಂತ ಬಾರದಿರುವ ಸಂಭವವೇ ಹೆಚ್ಚು.