ಅಯ್ಯನಕೆರೆಯ ದಂಡೆಯಲ್ಲಿ

ಮೀನಿಗೆ ಹೋದವರು ಮನೆಗೆ ಮರಳುವಾಗ ದಾರಿಯಲ್ಲಿ ಎದುರಾದವರೆಲ್ಲರೂ “ಎಷ್ಟು ಬಿತ್ತು?” ಎಂದು ಕೇಳುವುದು ವಾಡಿಕೆ. “ಏನೇನು ಕೇಳಿಸಿತು?” ಎಂದು ಕೇಳುವವರನ್ನು ನಾವು ಒಬ್ಬರನ್ನೇ ಕಂಡಿದ್ದೇವೆ. ಅವರು ನಮ್ಮ ಸೋದರಮಾವನವರು. ನಮಗೆ ಬಾಲ್ಯದಲ್ಲಿ ಗಾಳ ಕಟ್ಟುವುದನ್ನೂ ಎರೆ ಸಿಕ್ಕಿಸುವುದನ್ನೂ ಕಲಿಸಿದವರು ಅವರೇ. ಕೆರೆಯ ದಂಡೆಯಲ್ಲಿ ಕುಳಿತಾಗ ಅವರು ಬೆಂಡನ್ನು ನೋಡುತ್ತಿದ್ದುದಕ್ಕಿಂತ ಹೆಚ್ಚಾಗಿ ಸುತ್ತಲಿನ ದನಿಗಳಿಗೆ ಕಿವಿಗೊಡುತ್ತಿದ್ದರು. ನಮಗೋ ಬೆಂಡಿನ ಮೇಲೆಯೇ ಕಣ್ಣು. “ಮೀನು ಸಿಕ್ಕದ ದಿನ ಬರಿಗೈಯಲ್ಲಿ ಹೋಗಬೇಕಲ್ಲ, ಕಿವಿಯಲ್ಲಾದರೂ ಏನಾದರೂ ತುಂಬಿಕೊಂಡು ಹೋಗೋಣ” ಎಂದು ಅವರು ನಗುತ್ತಿದ್ದರು.

ಈಗ ಅವರಿಗೆ ಎಂಬತ್ತು ದಾಟಿದೆ. ಕಿವಿ ಮಂದವಾಗಿ ಹಲವು ವರ್ಷಗಳಾದವು. ಮುಪ್ಪಿನಲ್ಲಿ ಕಿವಿಯು ಒಮ್ಮೆಲೇ ಮುಚ್ಚಿಹೋಗುವುದಿಲ್ಲ. ಮೊದಲು ಹೋಗುವುದು ಕೀಚಲು ದನಿಗಳು. ಆಳದ ದನಿಗಳು ಕಡೆಯವರೆಗೂ ಉಳಿಯುವುದುಂಟು. ಮಾವನವರಿಗೂ ಹಾಗೆಯೇ ಆಯಿತು. ಜೀರುಂಡೆಯ ದನಿ ಮೊದಲು ಹೋಯಿತು. ಬಳಿಕ ಸಣ್ಣ ಹಕ್ಕಿಗಳು ಹೋದವು. ಆಮೇಲೆ ಮಕ್ಕಳ ಮಾತೂ ಹೋಯಿತು. ಕಿವಿಗೆ ಹಾಕಿಕೊಳ್ಳುವ ಯಂತ್ರವೊಂದಿದೆಯಾದರೂ ಬಯಲಿನಲ್ಲಿ ಗಾಳಿ ಬೀಸಿದರೆ ಅದರಲ್ಲಿ ಬರಿಯ ಭೋರ್ಗರೆತವೇ ಕೇಳಿಸುವುದೆಂದು ಅದನ್ನು ಮನೆಯಲ್ಲಿಯೇ ಬಿಟ್ಟಿರುತ್ತಾರೆ. ಹೋದ ಕಾರ್ತಿಕದಲ್ಲಿ ಅವರು ನಮ್ಮ ಮನೆಗೆ ಬಂದಿದ್ದಾಗ, “ಇನ್ನೊಂದು ಸಲ ಅಯ್ಯನಕೆರೆಗೆ ಗಾಳ ತೆಗೆದುಕೊಂಡು ಹೋಗೋಣವಪ್ಪ” ಎಂದರು. ಇನ್ನೊಂದು ಸಲ ಎಂಬ ಮಾತನ್ನು ಅವರು ಹೇಳಿದ ರೀತಿಯಲ್ಲಿ ಇಲ್ಲವೆನ್ನಲು ನಮಗೆ ಬಾಯಿ ಬರಲಿಲ್ಲ.

ಮರುದಿನ ಬೆಳಗಿನ ಜಾವದಲ್ಲಿಯೇ ನಾವು ಮಕ್ಕಳಿಬ್ಬರನ್ನೂ ಮಾವನವರನ್ನೂ ಕರೆದುಕೊಂಡು ಚಿಕ್ಕಮಗಳೂರಿನಿಂದ ಹೊರಟೆವು. ಕಡೂರಿನ ಹಾದಿಯಲ್ಲಿ ಸಖರಾಯಪಟ್ಟಣವೆಂಬ ಹಳೆಯ ಊರುಂಟು. ಅದರ ಸಮೀಪದಲ್ಲಿ, ಬಾಬಾಬುಡನ್‌ಗಿರಿ ಶ್ರೇಣಿಯ ತಪ್ಪಲಿನಲ್ಲಿ ಗೌರೀಹಳ್ಳಕ್ಕೆ ಅಡ್ಡವಾಗಿ ಏರಿ ಕಟ್ಟಿ ನಿಲ್ಲಿಸಿದ ನೀರೇ ಅಯ್ಯನಕೆರೆ. ಮಗ್ಗುಲಲ್ಲಿಯೇ ಶಕುನಗಿರಿಯು ರಾಶಿ ಹಾಕಿದ ಬತ್ತದಂತೆ ಮೊನಚಾಗಿ ಎದ್ದು ನಿಂತಿದೆ. ಗಾಳಿಯಿಲ್ಲದ ಮುಂಜಾನೆ ಅದರ ನೆರಳು ನೀರಿನಲ್ಲಿ ತಲೆಕೆಳಗಾಗಿ ಕಾಣುವ ಚೆಲುವನ್ನು ನೋಡಿಯೇ ತಿಳಿಯಬೇಕು. ಸಖರಾಯಪಟ್ಟಣದ ಅರಸನಾದ ರುಕ್ಮಾಂಗದರಾಯನು ಈ ಕೆರೆಯನ್ನು ಕಟ್ಟಿಸಿದನೆಂದು ಪ್ರತೀತಿ. ಇಲ್ಲಿಂದ ಹೊರಟ ನೀರು ವೇದಾ ಎಂಬ ಹೆಸರಿನಿಂದ ಹರಿದು, ಕಡೂರಿನ ಬಳಿ ಅವತಿಯನ್ನು ಕೂಡಿ ವೇದಾವತಿಯಾಗುವುದು. ಅದೇ ವೇದಾವತಿಗೆ ಹಿರಿಯೂರಿನ ಸಮೀಪದ ಮಾರಿಕಣಿವೆಯಲ್ಲಿ ಕಟ್ಟಿದ ಅಣೆಕಟ್ಟು ೧೯೦೭ರಲ್ಲಿ ಮುಗಿಯಿತು. ನಮ್ಮ ಕಾಲ ಬಳಿಯ ನೀರು ಅಷ್ಟು ದೂರದವರ ಬಾಯಾರಿಕೆಗೂ ಬಾಧ್ಯವೆಂದು ಮಕ್ಕಳಿಗೆ ಹೇಳಿದಾಗ, ಅವರು ದಂಡೆಯಲ್ಲಿ ಉಗುಳುವುದನ್ನು ಬಿಟ್ಟರು.

ಕೆರೆಯ ಮೀನು ಈಗ ಯಾರು ಬೇಕಾದರೂ ಹಿಡಿಯತಕ್ಕ ವಸ್ತುವಲ್ಲ. ಕೆರೆಗಳ ಮೀನುಪಾಶುವಾರು ಹಕ್ಕನ್ನು ಗುತ್ತಿಗೆಗೆ ಕೊಡುವ ಪದ್ಧತಿಯಿದೆ. ಹಿಡಿದವರು ಮರಿ ತಂದು ಬಿಟ್ಟು ಸಾಕುತ್ತಾರೆ. ಕಾಟ್ಲಾ, ರೋಹು, ಮೃಗಾಲ್ ಎಂಬ ದೊಡ್ಡ ಗೆಂಡೆಮೀನುಗಳು ಮಳೆಗಾಲದ ಹರಿಯುವ ಹೊಳೆಯಲ್ಲಿ ಮೊಟ್ಟೆಯಿಡುವವೇ ಹೊರತು ನಿಂತ ಕೆರೆಯಲ್ಲಿ ಸಾಮಾನ್ಯವಾಗಿ ಇಡುವುದಿಲ್ಲ. ಆದಕಾರಣ ಹಿಂದೆ ಹೊಳೆಗಳಿಂದಲೇ ಮರಿಗಳನ್ನು ಆಯ್ದು ತರಬೇಕಾಗಿತ್ತು. ೧೯೫೭ರಲ್ಲಿ ಕಟಕದಲ್ಲಿ ಹೀರಾಲಾಲ್ ಚೌಧುರಿಯವರು ಮೀನಿನ ಗ್ರಂಥಿರಸವನ್ನು ಚುಚ್ಚಿ ಗೆಂಡೆಗಳಿಂದ ಮೊಟ್ಟೆ ಇಡಿಸುವುದರಲ್ಲಿ ಸಫಲರಾದ ಮೇಲೆ ಕೆರೆಗಳಿಗೆ ಮರಿಗಳು ಸುಲಭವಾದವು. ನಾವು ದಂಡೆಯ ಮೇಲಿದ್ದ ಬೆಸ್ತರನ್ನು ಕಂಡು, ಕೋಲಿನ ಗಾಳ ಮಾತ್ರ ಹಾಕುವೆವೆಂದು ಹೇಳಿ ಅಪ್ಪಣೆ ಪಡೆದೆವು. “ತಾತನವರು ಬಂದಿದ್ದಾರೆ, ಕೂರಿ ಸ್ವಾಮಿ” ಎಂದು ಅವರೇ ಹುಣಿಸೆಯ ಮರದ ನೆರಳನ್ನು ತೋರಿಸಿದರು.

ಬಿದಿರಿನ ಕೋಲು, ನವಿಲುಗರಿಯ ದಂಟಿನ ಬೆಂಡು, ಒಂದು ಸೀಸದ ಗುಂಡು, ಎರೆಹುಳು, ರಾಗಿಹಿಟ್ಟಿನ ಸಣ್ಣ ಉಂಡೆ: ಇಷ್ಟೇ ನಮ್ಮ ಸಾಮಗ್ರಿ. ಈ ವಿನೋದವು ಸೋಮಾರಿಗಳದೆಂದು ಹಳಿಯುವವರಿಗೆ ಒಂದು ಮಾತು ಹೇಳಬೇಕಾಗಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ‘ಮತ್ಸ್ಯವಿನೋದ’ವೆಂಬ ಒಂದು ಭಾಗವೇ ಇದೆ. ಮೀನುಗಳ ಜಾತಿ, ಅವುಗಳಿಗೆ ಹಾಕುವ ಆಹಾರ, ಗಾಳದ ದಾರ, ಕೋಲು ಎಲ್ಲವನ್ನೂ ಆ ದೊರೆಯು ಶ್ರದ್ಧೆಯಿಂದ ವಿವರಿಸಿದ್ದಾನೆ. ರಾಜ್ಯಭಾರ ಮಾಡುತ್ತಿದ್ದವನಿಗೆ ಇದಕ್ಕೆ ಬಿಡುವು ದೊರೆತಿರಬೇಕಾದರೆ ನಮ್ಮಂಥವರಿಗೆ ದೊರೆಯದೆ?

ಗಾಳ ನೀರಿಗೆ ಬಿದ್ದು ಸ್ವಲ್ಪ ಹೊತ್ತಾಗಿರಬಹುದು. ಮಾವನವರು ನಮ್ಮ ಕಡೆ ತಿರುಗಿ, “ಈಗ ಏನು ಕೇಳಿಸುತ್ತಿದೆ?” ಎಂದರು. “ಏನೂ ಇಲ್ಲ ಮಾವ, ನಿಶ್ಶಬ್ದವಾಗಿದೆ” ಎಂದು ಕೈಸನ್ನೆಯಿಂದ ತಿಳಿಸಿದೆವು. ಅವರು ನಂಬಲಿಲ್ಲ. “ಕೆರೆ ಎಂದಾದರೂ ಸುಮ್ಮನಿರುತ್ತದೆಯೆ? ಸರಿಯಾಗಿ ಕೇಳಿ ಹೇಳಿ. ನನ್ನ ಕಿವಿಗಾಗಿ ನೀವು ಕೇಳಬೇಕು” ಎಂದರು. ಆಗ ನಮಗೆ ನಾಚಿಕೆಯಾಯಿತು. ಕಿವಿಯಿದ್ದೂ ನಾವು ಕೇಳುತ್ತಿರಲಿಲ್ಲ. ಮಗಳು ಚೀಲದಿಂದ ನೋಟುಬುಕ್ಕು ತೆಗೆದು, ಕೇಳಿದ ದನಿಯನ್ನೆಲ್ಲ ದಪ್ಪ ಅಕ್ಷರದಲ್ಲಿ ಬರೆದು ತಾತನಿಗೆ ತೋರಿಸುವ ಕೆಲಸವನ್ನು ವಹಿಸಿಕೊಂಡಳು.

ಕಿವಿಗೊಟ್ಟು ಕುಳಿತ ಮೇಲೆ ದನಿಗಳು ಒಂದೊಂದಾಗಿ ಬೇರೆಯಾಗತೊಡಗಿದವು. ಮೊದಲು ಕಾಲಬಳಿ ಅಲೆಯು ಕಲ್ಲಿನ ಸಂದಿಗೆ ನುಗ್ಗಿ ಲೊಚಗುಟ್ಟುವ ಸದ್ದು. ಬಳಿಕ ಜೊಂಡಿನ ಮರೆಯಿಂದ ಗುಳುಮುಳುಕದ ನಡುಗುವ ಸಿಳ್ಳು. ನಾಮದ ಕೋಳಿಗಳು ನೀರಿನ ಮೇಲೆ ಓಡಿಕೊಂಡೇ ರೆಕ್ಕೆ ಬಡಿದು ಏಳುವ ಪಟಪಟ. ಟಿಟ್ಟಿಭವೊಂದು ನಮ್ಮನ್ನು ಕಳ್ಳರೆಂದೇ ತೀರ್ಮಾನಿಸಿ ತಲೆಯ ಮೇಲೆ ಸುತ್ತುತ್ತಾ ಬೈಯುತ್ತಿತ್ತು. ಮಿಂಚುಳ್ಳಿಯು ಒಣಕೊಂಬೆಯಿಂದ ಕಿಲಕಿಲನೆ ಕೂಗಿ ಹಾರಿದುದನ್ನು ಮಗಳು ಬರೆಯುವಷ್ಟರಲ್ಲಿ ಮಾವನವರೇ “ಮಿಂಚುಳ್ಳಿ ಕೂಗಿತು, ಅಲ್ಲವೆ?” ಎಂದರು. ಹಾರುವ ನೀಲಿಯನ್ನು ಕಣ್ಣಿನಲ್ಲಿ ಹಿಡಿದು, ಅದರ ದನಿಯನ್ನು ನೆನಪಿನಿಂದ ತೆಗೆದುಕೊಂಡಿದ್ದರು.

ದೂರದ ಸೋಪಾನದಲ್ಲಿ ಒಬ್ಬ ಹೆಂಗಸು ಬಟ್ಟೆ ಒಗೆಯುತ್ತಿದ್ದಳು. ಬಟ್ಟೆಯು ಕಲ್ಲಿಗೆ ಬಡಿದದ್ದು ಕಣ್ಣಿಗೆ ಮೊದಲು ಕಂಡು, ಸದ್ದು ಆಮೇಲೆ ಬಂದುದು ಮಗನಿಗೆ ಸೋಜಿಗವಾಯಿತು. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೩೪೦ ಮೀಟರು ಮಾತ್ರ ಸಾಗುವುದರಿಂದ, ಒಂದು ಸೆಕೆಂಡು ತಡವಾದರೆ ಅಷ್ಟು ದೂರವೆಂದು ಲೆಕ್ಕ ಹೇಳಿಕೊಟ್ಟೆವು. ಮುಂಜಾನೆ ಆಚೆ ದಂಡೆಯವರ ಮಾತು ಕೂಡ ಪಕ್ಕದಲ್ಲಿ ಆಡಿದಂತೆ ಕೇಳುವುದಕ್ಕೂ ಕಾರಣವಿದೆ. ನೀರಿನ ಮೇಲ್ಗಡೆಯ ಗಾಳಿಯು ತಣ್ಣಗೂ ಅದರ ಮೇಲಿನದು ಬೆಚ್ಚಗೂ ಇದ್ದಾಗ, ಮೇಲಕ್ಕೆ ಹೋಗತಕ್ಕ ಶಬ್ದವು ಬಾಗಿ ಮತ್ತೆ ನೀರಿನ ಕಡೆಗೇ ಇಳಿದು ಬರುವುದು. ಬಿಸಿಲು ಏರಿದಂತೆ ಈ ಚಮತ್ಕಾರವು ಕರಗಿಹೋಗುವುದು. ಆದುದರಿಂದ ಕೆರೆಯ ದಂಡೆಯಲ್ಲಿ ಮುಂಜಾನೆ ಯಾರನ್ನೂ ದೂಷಿಸಬಾರದೆಂಬ ಬುದ್ಧಿಯನ್ನೂ ಕಲಿಯಬಹುದು.

ಅಷ್ಟರಲ್ಲಿ ಮಗನು ಹರಿಗೋಲನ್ನು ನೋಡಲು ದಂಡೆಯ ಮೇಲೆ ದಡದಡನೆ ಓಡಿದನು. ಮಾವನವರು ಕಣ್ಣು ಮುಚ್ಚಿಕೊಂಡಿದ್ದವರು ಥಟ್ಟನೆ, “ಯಾರೋ ಓಡಿದರು, ಮೀನೆಲ್ಲ ಹೋಯಿತು” ಎಂದರು. ನೆಲದ ನಡುಕವು ಅವರ ಬರಿಗಾಲಿಗೆ ತಿಳಿದಿತ್ತು. ಮೀನಿಗೂ ತಿಳಿಯುವುದು ಹಾಗೆಯೇ. ನಾವು ಗಾಳಿಯಲ್ಲಿ ಆಡುವ ಮಾತಿನ ಬಹುಪಾಲು ನೀರಿನ ಮೇಲ್ಮೈಗೆ ತಗುಲಿ ಹಿಂದಿರುಗುವುದು. ಆದರೆ ನೆಲದ ಮೂಲಕ ಹೋದ ಹೆಜ್ಜೆಯ ಅದಿರು ನೀರಿಗೆ ಇಳಿಯುವುದು. ನೀರಿನಲ್ಲಿ ಶಬ್ದದ ವೇಗವು ಸೆಕೆಂಡಿಗೆ ಸುಮಾರು ೧೪೮೦ ಮೀಟರು, ಎಂದರೆ ಗಾಳಿಯಲ್ಲಿರುವುದರ ನಾಲ್ಕು ಪಟ್ಟಿಗೂ ಹೆಚ್ಚು. ಅದರಲ್ಲಿಯೂ ಗೆಂಡೆಯ ಕುಲದ ಮೀನುಗಳಿಗೆ ಹೊಟ್ಟೆಯೊಳಗಿನ ಗಾಳಿಚೀಲದಿಂದ ಒಳಗಿವಿಗೆ ಸಣ್ಣ ಎಲುಬುಗಳ ಒಂದು ಸರಪಳಿಯೇ ಇರುವುದರಿಂದ ಅವುಗಳ ಕಿವಿ ಬಹು ಚುರುಕು. “ಮಾತಾಡಿದರೆ ಮೀನು ಹೆದರದು, ನಡೆದರೆ ಹೆದರುವುದು” ಎಂದು ಮಾವನವರು ಬಾಲ್ಯದಲ್ಲಿ ನಮಗೆ ಹೇಳಿದ್ದು ಶಾಸ್ತ್ರಕ್ಕೂ ಒಪ್ಪುವ ಮಾತೇ ಆಗಿತ್ತು.

ನಡುಹಗಲಿನ ಹೊತ್ತಿಗೆ ನಮ್ಮ ಬುಟ್ಟಿಯಲ್ಲಿ ನಾಲ್ಕು ಪಕ್ಕೆಮೀನುಗಳೂ ಎರಡು ಜಿಲೇಬಿ ಮೀನುಗಳೂ ಬಿದ್ದಿದ್ದವು. ಈ ಜಿಲೇಬಿಯು ನಮ್ಮ ದೇಶದ್ದಲ್ಲ. ಆಫ್ರಿಕದ ಮೂಲದ್ದು, ೧೯೫೨ರಲ್ಲಿ ಇಲ್ಲಿಗೆ ತರಲ್ಪಟ್ಟು ಈಗ ಎಲ್ಲೆಡೆ ಹಬ್ಬಿದೆ. ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಮೊಸರನ್ನಗಳ ಬುತ್ತಿ ಬಿಚ್ಚಿದಾಗ ಜೊಂಡಿನ ಅಂಚಿನಲ್ಲಿ ‘ಗುಳುಕ್’ ಎಂದು ಒಂದು ದಪ್ಪ ಸದ್ದಾಯಿತು. ಅದು ಕೊರವಮೀನು. ಕಿವಿರುಗಳಿದ್ದರೂ ಅದು ಆಗಾಗ ಮೇಲೆ ಬಂದು ಗಾಳಿಯನ್ನೇ ನುಂಗಬೇಕು. ಆದಕಾರಣವೇ ಕಡಮೆ ನೀರಿನಲ್ಲಿಯೂ ಕೆಸರಿನಲ್ಲಿಯೂ ಬದುಕಬಲ್ಲದು. ಉಳಿದ ಬಹುಪಾಲು ಮೀನುಗಳಿಗೆ ಆ ಭಾಗ್ಯವಿಲ್ಲ. ನೀರಿನೊಳಗಿನ ಪ್ರಾಣವಾಯುವು ತೀರಿದರೆ ಅವು ಉಸಿರುಕಟ್ಟಿ ಸಾಯುತ್ತವೆ. ೨೦೧೬ರ ಮಾರ್ಚಿ ತಿಂಗಳಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ ಸಂಗತಿ ವಾಚಕರಿಗೆ ನೆನಪಿರಬಹುದು. ನಗರದ ಕೊಚ್ಚೆ ಸೇರಿದ ಕೆರೆಯ ದಂಡೆಯಲ್ಲಿ ಒಂದು ಗಳಿಗೆ ನಿಂತು ಕೇಳಿದರೆ ಮೀನು ನೆಗೆಯುವ ಸದ್ದಿರದು, ಗುಳುಮುಳುಕದ ದನಿಯಿರದು; ಗಾಡಿಗಳ ಸದ್ದು ಮಾತ್ರ ಇರುವುದು. ಮನುಷ್ಯನಿಗೆ ಕಿವಿ ಹೋದರೆ ಕೆರೆಯು ಮೂಕವಾದಂತೆ ತೋರುವುದು, ನಿಜ. ಕೆರೆಯೇ ಮೂಕವಾದರೆ ಒಳ್ಳೆಯ ಕಿವಿಯಿದ್ದು ಪ್ರಯೋಜನವೇನು?

ಊಟವಾದ ಮೇಲೆ ಎಲ್ಲರಿಗೂ ತೂಕಡಿಕೆ ಬಂದಿತ್ತು. ಏರಿಯ ಕೆಳಗಿನ ಪೊದೆಯಿಂದ ಕೆಂಬೂತವು ಗಡಿಗೆಯೊಳಗಿನಿಂದ ಕೂಗಿದಂತೆ ‘ಗೂಪ್, ಗೂಪ್, ಗೂಪ್’ ಎಂದು ಆಳವಾದ ದನಿಯಲ್ಲಿ ಕೂಗಲಾರಂಭಿಸಿತು. ಮಗಳು ನೋಟುಬುಕ್ಕನ್ನು ಎತ್ತಿಕೊಂಡಳು. ಅವಳು ಬರೆಯುವ ಮೊದಲೇ ಮಾವನವರು ಕೈಯೆತ್ತಿ ತಡೆದರು. ತಲೆಯನ್ನು ಒಂದು ಕಡೆಗೆ ವಾಲಿಸಿ ಕುಳಿತರು. ಮುಖದಲ್ಲಿ ಮೆಲ್ಲಗೆ ಬೆಳಕು ಬಂದಿತು. “ಬರೆಯಬೇಡ ಮಗು. ಇದು ನನಗೇ ಕೇಳಿಸಿತು” ಎಂದರು. ಹಕ್ಕಿಯು ನಿಲ್ಲಿಸುವವರೆಗೆ ನಾವು ಯಾರೂ ಕದಲಲಿಲ್ಲ. ಬೆಂಡೊಂದು ನೀರಿನಲ್ಲಿ ಮುಳುಗಿ ಎದ್ದುದನ್ನು ಕಂಡರೂ ಕೋಲಿಗೆ ಕೈ ಹಾಕುವ ಮನಸ್ಸಾಗಲಿಲ್ಲ.

ಸಂಜೆ ಹೊರಡುವ ಮುನ್ನ ತೂಬಿನ ಬಳಿಗೆ ಹೋದೆವು. ನಮ್ಮ ನಾಡಿನ ಹಲವು ಕೆರೆಗಳಿಗೆ ಹೇಳುವ ಒಂದು ಕಥೆಯನ್ನು ಈ ಸೀಮೆಯವರು ಅಯ್ಯನಕೆರೆಗೂ ಹೇಳುತ್ತಾರೆ. ಕೆರೆಯು ಒಡೆಯುವ ಸಮಯ ಬಂದಾಗ ಗಂಗಮ್ಮನು ನೀರುಗಂಟಿಗೆ ಆ ಸಂಗತಿಯನ್ನು ತಿಳಿಸಿದಳಂತೆ. ಅವನು, “ದೊರೆಗೆ ಹೇಳಿ ಬರುವೆನು, ನಾನು ಹಿಂದಿರುಗುವವರೆಗೆ ನಿಲ್ಲು ತಾಯಿ” ಎಂದು ಮಾತು ಪಡೆದು ಓಡಿದನಂತೆ. ಅವನು ಹಿಂದಿರುಗದೆ ಹೋದರೆ ಕೆರೆ ಉಳಿಯುವುದೆಂದು ತಿಳಿದು ಅವನ ತಲೆಯನ್ನೇ ತೆಗೆಸಿದರಂತೆ. ಗಂಗಮ್ಮನು ಇನ್ನೂ ಕಾಯುತ್ತಿದ್ದಾಳೆ. ಕಥೆ ಕ್ರೂರವಾದದ್ದೇ. ಆದರೆ ಅಷ್ಟು ಜನರಲ್ಲಿ ನೀರಿನ ಮಾತು ಕೇಳಿಸಿದ್ದು, ದಿನವೂ ಅದರ ಬಳಿ ನಿಂತು ಕಿವಿಗೊಡುತ್ತಿದ್ದ ಆ ಒಬ್ಬನಿಗೇ ಎಂಬುದನ್ನು ನಾವು ಆ ಸಂಜೆಯವರೆಗೂ ಗಮನಿಸಿರಲಿಲ್ಲ.

ಮಾವನವರು ತೂಬಿನ ಕಲ್ಲಿನ ಮೇಲೆ ಅಂಗೈಯಿಟ್ಟು, ಒಳಗೆ ಹರಿಯುವ ನೀರಿನ ಅದಿರನ್ನು ಬಹಳ ಹೊತ್ತು ಕೇಳುತ್ತಾ ನಿಂತರು. ಮಕ್ಕಳೂ ಎರಡು ಕಡೆ ಕೈಯಿಟ್ಟು ನಿಂತರು. ಹಿಂದೆ ಬತ್ತದ ಗದ್ದೆಗಳ ಕಡೆಯಿಂದ ದನಗಳ ಕೊರಳಗಂಟೆ ಮನೆಯ ದಾರಿ ಹಿಡಿದಿತ್ತು.

ವಾಚಕರಲ್ಲಿ ನಮ್ಮದೊಂದು ಬಿನ್ನಹ. ಮೀನು ತಿನ್ನದವರು ಗಾಳವನ್ನು ಮನೆಯಲ್ಲಿಯೇ ಬಿಡಲಿ. ಆದರೆ ಮನೆಯ ಹಿರಿಯರೊಬ್ಬರನ್ನೂ ಕಿರಿಯರೊಬ್ಬರನ್ನೂ ಕರೆದುಕೊಂಡು ವರ್ಷಕ್ಕೊಮ್ಮೆಯಾದರೂ ಹತ್ತಿರದ ಕೆರೆಯ ದಂಡೆಯಲ್ಲಿ ಒಂದು ದಿನ ಕುಳಿತು ಬರಲಿ. ಹಿರಿಯರ ಕಿವಿಯೂ ನಮ್ಮ ಕೆರೆಗಳೂ ಎಷ್ಟು ಕಾಲ ಇರುವವೆಂದು ಹೇಳಬಲ್ಲವರಾರು?

ಮನೆಯ ಬಾಗಿಲಿಗೆ ಬಂದಾಗ ಪಕ್ಕದ ಮನೆಯವರು ವಾಡಿಕೆಯಂತೆ, “ಎಷ್ಟು ಬಿತ್ತು?” ಎಂದು ಕೇಳಿದರು. ನಾವು ಬುಟ್ಟಿಯ ಕಡೆ ನೋಡುವಷ್ಟರಲ್ಲಿ ಮಗಳು ನೋಟುಬುಕ್ಕನ್ನು ತೆರೆದು ಎಣಿಸಿ, “ಹತ್ತೊಂಬತ್ತು” ಎಂದಳು. ಮಾವನವರಿಗೆ ಈ ಮಾತು ಕೇಳಿಸಲಿಲ್ಲ. ಆದರೆ ಅವಳು ಬೆರಳು ಮಡಿಸಿದುದನ್ನು ಕಂಡು, ಏನನ್ನು ಎಣಿಸಿದಳೆಂಬುದು ಅವರಿಗೆ ತಿಳಿಯಿತು. “ಇಪ್ಪತ್ತು” ಎಂದು ತಿದ್ದಿದರು. ಕೆಂಬೂತವನ್ನು ಅವಳು ಬರೆದುಕೊಂಡಿರಲಿಲ್ಲವಷ್ಟೆ!