ಅಪ್ಪ ಕೂತಿದ್ದ ವಿಮಾನ

2019ರ ಬೇಸಿಗೆಯಲ್ಲಿ ಮಗಳ ಬಾಣಂತನಕ್ಕೆಂದು ನಾನು ಇಂಗ್ಲೆಂಡಿಗೆ ಹೋಗಿದ್ದೆ. ಅಳಿಯನಿಗೆ ಲಿಂಕನ್ ಎಂಬ ಊರಿನಲ್ಲಿ ಕೆಲಸ. ಶಿವಮೊಗ್ಗದಿಂದ ಹೊರಡುವಾಗ ಪೆಟ್ಟಿಗೆಯ ತುಂಬ ಮೆಂತ್ಯ, ಒಣಶುಂಠಿ, ಕೊಬ್ಬರಿ, ಬೆಲ್ಲ ತುಂಬಿಕೊಂಡಿದ್ದೆ. ಆ ದೇಶದಲ್ಲಿ ಅಡುಗೆಮನೆ, ತೊಟ್ಟಿಲು ಮತ್ತು ಕಿಟಕಿ ಬಿಟ್ಟು ಬೇರೇನನ್ನೂ ನೋಡುವ ಆಸೆ ನನಗಿರಲಿಲ್ಲ. ಆದರೆ ನಾನು ಮರಳಿ ಬರುವಾಗ ಮನಸ್ಸಿನಲ್ಲಿ ತುಂಬಿಕೊಂಡು ಬಂದದ್ದು ಒಂದು ಯುದ್ಧ ವಿಮಾನದ ಕತೆಯನ್ನು ಎಂದರೆ ನೀವು ನಗಬಹುದು.

ಪಕ್ಕದ ಮನೆಯಲ್ಲಿ ಎಪ್ಪತ್ತೆರಡು ವರ್ಷದ ಒಬ್ಬ ಮಹಿಳೆ ಒಂಟಿಯಾಗಿದ್ದರು. ಮಗು ಹುಟ್ಟಿದ ಮೂರನೆಯ ದಿನ ತಾವೇ ಹೆಣೆದ ಉಣ್ಣೆಯ ಕಾಲುಚೀಲ ಹಿಡಿದು ಬಾಗಿಲು ತಟ್ಟಿದರು. ನಾನು ಮೆಂತ್ಯದ ಉಂಡೆ ಕೊಟ್ಟೆ. ಕಹಿಗೆ ಮುಖ ಕಿವುಚಿದರೂ ಪೂರ್ತಿ ತಿಂದರು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ, ಅವರ ಮಾತೋ ನಿಧಾನ. ಹೀಗಾಗಿ ನಮ್ಮ ಸ್ನೇಹ ಬೇಗ ಬೆಳೆಯಿತು.

ಒಂದು ದಿನ ಅವರು ಹಳೆಯ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದು ನಮ್ಮ ಊಟದ ಮೇಜಿನ ಮೇಲಿಟ್ಟರು. ಹಿಂದಿನ ವರ್ಷ ಅವರ ತಾಯಿ ತೊಂಬತ್ತಮೂರನೆಯ ವಯಸ್ಸಿನಲ್ಲಿ ತೀರಿಹೋಗಿದ್ದರು. ತಾಯಿಯ ಮನೆಯ ಅಟ್ಟ ಖಾಲಿ ಮಾಡುವಾಗ ಸಿಕ್ಕಿದ ಡಬ್ಬಿ ಅದು. ಒಳಗೆ ನೀಲಿ ರಟ್ಟಿನ ಒಂದು ಪುಸ್ತಕವಿತ್ತು. ಎರಡನೆಯ ಮಹಾಯುದ್ಧದಲ್ಲಿ ಅವರ ತಂದೆ ಬಾಂಬರ್ ವಿಮಾನದಲ್ಲಿ ಗನ್ನರ್ ಆಗಿದ್ದರು. ಹಾರಿದ ಪ್ರತಿ ಹಾರಾಟದ ದಿನ, ವಿಮಾನದ ಗುರುತಿನ ಅಕ್ಷರ, ಪೈಲಟ್‌ನ ಹೆಸರು, ಹೋದ ಊರು, ಎಷ್ಟು ತಾಸು ಎಂಬುದನ್ನೆಲ್ಲ ಬರೆದಿಡುವ ದಾಖಲೆ ಪುಸ್ತಕ ಅದು. ರಾತ್ರಿಯ ಹಾರಾಟಗಳೆಲ್ಲ ಕೆಂಪು ಶಾಯಿಯಲ್ಲಿದ್ದವು.

"ಅಪ್ಪ 1998ರಲ್ಲಿ ಹೋದರು. ಯುದ್ಧದ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನೂ ಕೇಳಲಿಲ್ಲ" ಎಂದರು. ಆಮೇಲೆ ಪುಸ್ತಕದ ಕೊನೆಯ ಭಾಗ ತೆರೆದು ತೋರಿಸಿದರು. 1945ರ ಜನವರಿ ಮುಗಿದ ಮೇಲೆ ಎರಡು ಹಾಳೆಗಳಿರಲಿಲ್ಲ. ಅವು ಹರಿದಿರಲಿಲ್ಲ. ಬ್ಲೇಡಿನಿಂದ ಅಂಚಿಗೆ ಸರಿಯಾಗಿ ಕತ್ತರಿಸಿ ತೆಗೆಯಲಾಗಿತ್ತು.

ಯಾರು ಕತ್ತರಿಸಿದರು? ಏಕೆ? ಇದೇ ಅವರ ನಿದ್ದೆಗೆಡಿಸಿದ ಪ್ರಶ್ನೆ. ಅವರ ತಮ್ಮ, "ಸತ್ತವರನ್ನು ಸುಮ್ಮನೆ ಬಿಡು" ಎಂದಿದ್ದನಂತೆ. ಇವರಿಗೆ ಬಿಡಲಾಗಲಿಲ್ಲ.

ಲಿಂಕನ್ ಇರುವುದು ಲಿಂಕನ್‌ಶೈರ್ ಎಂಬ ಜಿಲ್ಲೆಯಲ್ಲಿ. ಅಲ್ಲಿಯವರು ಅದನ್ನು 'ಬಾಂಬರ್ ಕೌಂಟಿ' ಎಂದು ಕರೆಯುತ್ತಾರೆ. ಜರ್ಮನಿಯ ಕಡೆಗೆ ಮುಖ ಮಾಡಿರುವ ಸಮತಟ್ಟಾದ ನೆಲ. 1945ರ ಹೊತ್ತಿಗೆ ಈ ಒಂದು ಜಿಲ್ಲೆಯಲ್ಲೇ ಐವತ್ತರ ಹತ್ತಿರ ವಿಮಾನ ನೆಲೆಗಳಿದ್ದವು. ಈಗ ಅವುಗಳಲ್ಲಿ ಬಹುಪಾಲು ಗೋಧಿ ಹೊಲಗಳಾಗಿವೆ. ಬೆಳೆಯ ನಡುವೆ ಒಡೆದ ಕಾಂಕ್ರೀಟ್ ಪಟ್ಟಿ ಕಂಡರೆ ಅದು ಹಳೆಯ ರನ್‌ವೇ ಎಂದು ತಿಳಿಯಬೇಕು.

ಮಗುವಿಗೆ ನಲವತ್ತು ದಿನ ತುಂಬಿದ ಮೇಲೆ ಒಂದು ಶನಿವಾರ ನಾವೆಲ್ಲ ಈಸ್ಟ್ ಕರ್ಕ್‌ಬಿ ಎಂಬ ಹಳ್ಳಿಗೆ ಹೊರಟೆವು. ಲಿಂಕನ್‌ನಿಂದ ಸುಮಾರು ಮೂವತ್ತು ಮೈಲಿ. ಪಕ್ಕದ ಮನೆಯವರ ತಂದೆಯ 57ನೇ ಸ್ಕ್ವಾಡ್ರನ್ ಇದ್ದದ್ದು ಅಲ್ಲೇ. ಈಗ ಅಲ್ಲಿ ಒಂದು ಮ್ಯೂಸಿಯಂ ಇದೆ. ಅದನ್ನು ಕಟ್ಟಿದವರು ಸರ್ಕಾರದವರಲ್ಲ, ಫ್ರೆಡ್ ಮತ್ತು ಹೆರಾಲ್ಡ್ ಪ್ಯಾಂಟನ್ ಎಂಬ ಇಬ್ಬರು ರೈತ ಸಹೋದರರು. ಅವರ ಅಣ್ಣ ಕ್ರಿಸ್ಟೋಫರ್ ಹತ್ತೊಂಬತ್ತನೆಯ ವಯಸ್ಸಿನಲ್ಲಿ, 1944ರ ಮಾರ್ಚ್ 30ರ ರಾತ್ರಿ ನ್ಯೂರೆಂಬರ್ಗ್ ದಾಳಿಗೆ ಹೋದವನು ಮರಳಲಿಲ್ಲ. ಆ ಒಂದೇ ರಾತ್ರಿ 95 ಬಾಂಬರ್‌ಗಳು ನಾಶವಾದವು. ಅಣ್ಣನ ನೆನಪಿಗಾಗಿ ಈ ತಮ್ಮಂದಿರು 1983ರಲ್ಲಿ ಒಂದು ಲ್ಯಾಂಕಾಸ್ಟರ್ ವಿಮಾನವನ್ನೇ ಕೊಂಡುಕೊಂಡರು! ಕೋಳಿ ಸಾಕಣೆ ಮಾಡಿಕೊಂಡಿದ್ದ ಮನೆಯವರು ಬಾಂಬರ್ ಕೊಂಡರೆಂದರೆ ಆ ನೋವು ಎಷ್ಟು ಆಳವಾಗಿದ್ದಿರಬೇಕು!

ವಿಮಾನವನ್ನು ಹ್ಯಾಂಗರ್‌ನಿಂದ ಹೊರಗೆಳೆದು ನಿಲ್ಲಿಸಿದ್ದರು. ನಾಲ್ಕು ಎಂಜಿನ್, ರೆಕ್ಕೆಯ ತುದಿಯಿಂದ ತುದಿಗೆ 102 ಅಡಿ. ಇಂಥವು 7,377 ತಯಾರಾಗಿದ್ದವು. ಇಂದು ಜಗತ್ತಿನಲ್ಲಿ ಹಾರುವ ಸ್ಥಿತಿಯಲ್ಲಿರುವವು ಎರಡೇ, ಒಂದು ಬ್ರಿಟನ್ನಿನಲ್ಲಿ, ಇನ್ನೊಂದು ಕೆನಡಾದಲ್ಲಿ. ಈಸ್ಟ್ ಕರ್ಕ್‌ಬಿಯ ವಿಮಾನ ಹಾರುವುದಿಲ್ಲ, ಆದರೆ ಎಂಜಿನ್ ಚಾಲೂ ಮಾಡಿ ನೆಲದ ಮೇಲೆ ಓಡಿಸುತ್ತಾರೆ. ನಾಲ್ಕೂ ಎಂಜಿನ್ ಒಟ್ಟಿಗೆ ಗುಡುಗಿದಾಗ ಕಾಲ ಕೆಳಗಿನ ಹುಲ್ಲು ನಡುಗಿತು. ಮಗು ಬೆಚ್ಚಿ ಅತ್ತಿತು. ಅದನ್ನು ಎದೆಗವಚಿಕೊಂಡು ನಾನು ದೂರ ಸರಿದೆ. ಇಂಥ ಎಂಟುನೂರು ವಿಮಾನಗಳು ಕತ್ತಲಲ್ಲಿ ತಲೆಯ ಮೇಲೆ ಬಂದಾಗ ಕೆಳಗಿದ್ದ ತಾಯಂದಿರು ಎಲ್ಲಿಗೆ ಸರಿಯಬಹುದಿತ್ತು ಎಂಬ ಯೋಚನೆ ಆಗ ಬಂತು.

ಎಂಜಿನ್ ನಿಂತ ಮೇಲೆ ನಮ್ಮನ್ನು ಬಾಲದ ಹತ್ತಿರ ಕರೆದೊಯ್ದರು. ಒಂದು ವಿಮಾನದಲ್ಲಿ ಏಳು ಮಂದಿ. ಆರು ಮಂದಿ ಅವನಿಗಿಂತ ಮುಂದೆ, ಅವರಲ್ಲಿ ಐವರು ಒಬ್ಬರಿಗೊಬ್ಬರು ಹತ್ತಿರ. ಏಳನೆಯವನು ಮಾತ್ರ ಕಟ್ಟಕಡೆಗೆ, ಬಾಲದ ತುದಿಯಲ್ಲಿ ಒಬ್ಬನೇ. ಕೂತರೆ ಮೊಣಕಾಲು ಅಲ್ಲಾಡಿಸಲು ಜಾಗವಿಲ್ಲದ ಗಾಜಿನ ಗೂಡು, ಮುಂದೆ ನಾಲ್ಕು ಮಷಿನ್ ಗನ್. ಪ್ಯಾರಾಶೂಟ್ ಇಡಲೂ ಅಲ್ಲಿ ಸ್ಥಳವಿಲ್ಲದೆ ಅದನ್ನು ಬೆನ್ನ ಹಿಂದಿನ ಬಾಗಿಲಾಚೆ ಇಟ್ಟಿರುತ್ತಿದ್ದರು. ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿನ ಚಳಿ. ವಿದ್ಯುತ್ತಿನಿಂದ ಬಿಸಿಯಾಗುವ ಉಡುಪು ತೊಟ್ಟರೂ ಬೆರಳು ಸೆಟೆಯುತ್ತಿದ್ದವು. ಪಕ್ಕದ ಮನೆಯವರ ತಂದೆ ಕೂರುತ್ತಿದ್ದದ್ದು ಅಲ್ಲಿ.

ಅವರು ಆ ಗಾಜನ್ನು ಮುಟ್ಟಿ ಬಹಳ ಹೊತ್ತು ನಿಂತರು. "ಚಿಕ್ಕವರಿದ್ದಾಗ ಶಾಲೆಗೆ ಹೊರಡುವ ಮೊದಲು ಅಪ್ಪ ನಮ್ಮ ಕೈಗವಸು ಎರಡೆರಡು ಸಲ ನೋಡುತ್ತಿದ್ದರು. ಅದೇನು ಗೀಳೋ ಎಂದು ನಾವು ನಗುತ್ತಿದ್ದೆವು" ಎಂದರು. ಆಮೇಲೆ ತಡೆದು, "ಇವರು ಹಿಂದಕ್ಕೆ ಮುಖ ಮಾಡಿ ಕೂರುತ್ತಿದ್ದರು. ಎಲ್ಲಿಗೆ ಹೋಗುತ್ತಿದ್ದೇವೆ ಎಂಬುದು ಕಾಣುವುದಿಲ್ಲ. ಬಿಟ್ಟು ಬಂದದ್ದು ಮಾತ್ರ ಕಾಣುತ್ತದೆ" ಎಂದರು.

ಬಾಂಬ್ ಹಾಕಿದ ಮೇಲೆ ಉಳಿದವರೆಲ್ಲ ಮನೆಯ ದಿಕ್ಕಿಗೆ ನೋಡುವಾಗ, ಉರಿಯುವ ಊರು ಕಣ್ಮರೆಯಾಗುವ ತನಕ ಅದನ್ನು ನೋಡುತ್ತ ಕೂರಬೇಕಾದವನು ಹಿಂದಿನ ಗನ್ನರ್!

ಹುಡುಕಾಟದ ಉಳಿದ ಭಾಗವನ್ನು ಮಾಡಿಕೊಟ್ಟವಳು ನನ್ನ ಮಗಳು. ಕತ್ತರಿಸಿದ ಹಾಳೆಗಳು ಸಿಗದಿದ್ದರೂ ದಾರಿಯಿದೆ. ಪ್ರತಿ ಸ್ಕ್ವಾಡ್ರನ್ ತನ್ನದೇ ಒಂದು ದಿನಚರಿ ಇಡುತ್ತಿತ್ತು. ಯಾವ ರಾತ್ರಿ ಯಾವ ವಿಮಾನ, ಅದರಲ್ಲಿ ಯಾವ ಏಳು ಮಂದಿ, ಎಷ್ಟು ಗಂಟೆಗೆ ಏರಿತು, ಎಷ್ಟಕ್ಕೆ ಇಳಿಯಿತು, ಏನು ಕಂಡಿತು ಎಂಬ ವಿವರಗಳೆಲ್ಲ ಅದರಲ್ಲಿ ಟೈಪ್ ಆಗಿರುತ್ತವೆ. ಲಂಡನ್ ಬಳಿಯ ಕ್ಯೂ ಎಂಬಲ್ಲಿನ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ ಅವು ಸುರಕ್ಷಿತವಾಗಿವೆ. ಕಂಪ್ಯೂಟರ್‌ನಲ್ಲಿ ಮನೆಯಲ್ಲೇ ಕೂತು ತರಿಸಿಕೊಳ್ಳಬಹುದು. ದಾಖಲೆ ಪುಸ್ತಕದಲ್ಲಿ ವಿಮಾನಕ್ಕೆ ಒಂದೇ ಅಕ್ಷರ ಬರೆದಿರುತ್ತಾರೆ. ದಿನಚರಿಯಲ್ಲಿ ಅದರ ನಿಜವಾದ ಸಂಖ್ಯೆ, ಎರಡು ಅಕ್ಷರ ಮತ್ತು ಮೂರು ಅಂಕಿ, ಸಿಗುತ್ತದೆ. ಆ ಸಂಖ್ಯೆ ಹಿಡಿದರೆ ವಿಮಾನ ಮುಂದೆ ಏನಾಯಿತು ಎಂಬುದೂ ತಿಳಿಯುತ್ತದೆ. ಇವರ ತಂದೆಯ ವಿಮಾನ ಯುದ್ಧ ಮುಗಿದ ಮೇಲೆ ಗುಜರಿಗೆ ಹೋಗಿತ್ತು.

ಮಗು ಮಲಗಿದ ಒಂದು ಮಧ್ಯಾಹ್ನ ಮಗಳು ಪುಟಗಳನ್ನು ಒಂದೊಂದಾಗಿ ಸರಿಸುತ್ತಿದ್ದಳು. ಪಕ್ಕದ ಮನೆಯವರು ಕನ್ನಡಕ ಹಾಕಿಕೊಂಡು ಅವಳ ಹೆಗಲ ಹಿಂದೆ ನಿಂತಿದ್ದರು. ನಾನು ಚಹಾ ಸೋಸುತ್ತಿದ್ದೆ. ಮಗಳು ಒಮ್ಮೆಲೇ ಸುಮ್ಮನಾದಳು. 1945, ಫೆಬ್ರವರಿ 13. ಏಳು ಹೆಸರುಗಳಲ್ಲಿ ಕೊನೆಯದು ಅವರ ತಂದೆಯದು. ಹೋದ ಊರು ಡ್ರೆಸ್ಡೆನ್.

ಚರಿತ್ರೆ ಓದಿದವರಿಗೆ ಆ ಹೆಸರು ಗೊತ್ತು. ಅಂದು ಕ್ರೈಸ್ತರ ಉಪವಾಸದ ಕಾಲ ಆರಂಭವಾಗುವ ಹಿಂದಿನ ದಿನ. ಹಬ್ಬದ ಬಣ್ಣದ ಬಟ್ಟೆ ತೊಟ್ಟ ಮಕ್ಕಳೂ ಆ ಊರಿನಲ್ಲಿದ್ದರು. ಪೂರ್ವದಿಂದ ಓಡಿಬಂದ ನಿರಾಶ್ರಿತರೂ ಇದ್ದರು. ರಾತ್ರಿ ಹತ್ತೂಕಾಲರ ಸುಮಾರಿಗೆ ಮೊದಲ ಅಲೆಯ 244 ಲ್ಯಾಂಕಾಸ್ಟರ್‌ಗಳು ಬಾಂಬ್ ಸುರಿದವು. ಇವರ ತಂದೆ ಆ ಅಲೆಯಲ್ಲಿದ್ದರು. ಮೂರು ತಾಸಿನ ಮೇಲೆ ಎರಡನೆಯ ಅಲೆ ಬಂತು. ಬೆಂಕಿಯೆಲ್ಲ ಸೇರಿ ಒಂದೇ ಬಿರುಗಾಳಿಯಾಯಿತು. ಆ ದಾಳಿಗಳಲ್ಲಿ ಸುಮಾರು 25,000 ಜನ ಸತ್ತರೆಂದು ಆ ನಗರವೇ ನೇಮಿಸಿದ ಇತಿಹಾಸಕಾರರ ಸಮಿತಿ 2010ರಲ್ಲಿ ಲೆಕ್ಕ ಕೊಟ್ಟಿದೆ.

ಅವರು ಅಳಲಿಲ್ಲ. ನಾನು ಕೊಟ್ಟ ಚಹಾ ಹಿಡಿದು ಕೂತರು, ಕುಡಿಯಲಿಲ್ಲ. "ಅಪ್ಪನಿಗೆ ಆಗ ಇಪ್ಪತ್ತೊಂದು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಕೆಳಗಿದ್ದ ಮಕ್ಕಳಿಗೆ ಅಷ್ಟೂ ಆಗಿರಲಿಲ್ಲ" ಎಂದರು. ಅಪ್ಪನನ್ನು ಸಮರ್ಥಿಸಲು ಒಂದು ವಾಕ್ಯ, ಒಡನೆಯೇ ಅದಕ್ಕೆ ಉತ್ತರವಾಗಿ ಇನ್ನೊಂದು. ಎರಡನ್ನೂ ಅವರೇ ಹೇಳಿಕೊಂಡರು. ಎರಡೂ ಸತ್ಯವೇ. ಜರ್ಮನಿಯ ಬಾಂಬುಗಳಿಗೆ ಬ್ರಿಟನ್ನಿನಲ್ಲೂ 40,000ಕ್ಕೂ ಹೆಚ್ಚು ನಾಗರಿಕರು ಸತ್ತಿದ್ದರು ಎಂಬುದೂ ಸತ್ಯ. ಆದರೆ ಒಂದು ಊರಿನ ಮಗುವಿನ ಸಾವು ಇನ್ನೊಂದು ಊರಿನ ಮಗುವಿನ ಸಾವಿನಿಂದ ಸರಿದೂಗುವುದಿಲ್ಲವಲ್ಲ.

ನಾನು ಹೊರಡುವ ಮೊದಲಿನ ವಾರ ನಾವಿಬ್ಬರೇ ಕ್ಯಾನ್ವಿಕ್ ಬೆಟ್ಟಕ್ಕೆ ಹೋದೆವು. ಊರಿಗೆ ಎದುರಾಗಿರುವ ಆ ಬೆಟ್ಟದ ಮೇಲೆ ಬಾಂಬರ್ ಪಡೆಯ ಸ್ಮಾರಕವಿದೆ. ತುಕ್ಕು ಬಣ್ಣದ ಉಕ್ಕಿನ ಗೋಪುರ, ಎತ್ತರ 31 ಮೀಟರ್, ಅಂದರೆ ಲ್ಯಾಂಕಾಸ್ಟರ್‌ನ ರೆಕ್ಕೆಯಷ್ಟು. ಸುತ್ತಲಿನ ಗೋಡೆಗಳಲ್ಲಿ 58,000ದಷ್ಟು ಹೆಸರುಗಳನ್ನು ಕೊರೆದಿದ್ದಾರೆ. ವಿಮಾನವೇರಿದ 1,25,000 ಯುವಕರಲ್ಲಿ 55,573 ಮಂದಿ ಮರಳಲಿಲ್ಲ. ಅವರೆಲ್ಲ ತಾವಾಗಿಯೇ ಸೇರಿದವರು. ಅವರ ನಡುವೆ ಹೆಣ್ಣುಮಕ್ಕಳ ಹೆಸರುಗಳೂ ಇವೆ. ಕಣಿವೆಯಾಚೆ ಲಿಂಕನ್ನಿನ ಹಳೆಯ ಚರ್ಚಿನ ಗೋಪುರಗಳು ಕಾಣುತ್ತವೆ. ಬೆಳಗಿನ ಜಾವ ಮರಳುವವರಿಗೆ ಅವೇ ಮನೆ ಬಂತೆಂಬ ಗುರುತಾಗಿದ್ದವಂತೆ.

ಆ ಸ್ಮಾರಕದ ಒಂದು ವಿಷಯ ನನಗೆ ಬಹಳ ಮೆಚ್ಚುಗೆಯಾಯಿತು. ಅಲ್ಲಿಯ ಸಂಗ್ರಹದಲ್ಲಿ ಹಾರಿದವರ ಮಾತುಗಳಷ್ಟೇ ಇಲ್ಲ, ಬಾಂಬಿನ ಕೆಳಗೆ ಬದುಕಿ ಉಳಿದವರ ನೆನಪುಗಳನ್ನೂ ಸೇರಿಸಿದ್ದಾರೆ. ಪಕ್ಕದ ಮನೆಯವರು ಅವನ್ನು ಕೇಳಿದರು. ಹೊರಗೆ ಬಂದು ಬೆಂಚಿನ ಮೇಲೆ ಕೂತು, "ಹಾಳೆ ಕತ್ತರಿಸಿದ್ದು ಅಪ್ಪನೋ ಅಮ್ಮನೋ ಎಂಬುದು ಇನ್ನು ತಿಳಿಯುವುದಿಲ್ಲ. ಆದರೆ ಯಾಕೆಂದು ಗೊತ್ತಾಯಿತು. ಅವರಿದ್ದಾಗಲೇ ಕೇಳಿದ್ದರೆ ಅವರ ಹೊರೆ ಸ್ವಲ್ಪವಾದರೂ ಕಡಿಮೆಯಾಗುತ್ತಿತ್ತೇನೋ" ಎಂದರು.

ಆ ಮಾತು ನನ್ನ ಎದೆಗೇ ಬಂದು ತಾಗಿತು. ಯಾಕೆಂದರೆ ನನ್ನ ಅಬ್ಬಾ ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಅವರು ಏನು ಕೆಲಸ ಮಾಡುತ್ತಿದ್ದರೆಂದು ನಾನು ಯಾವತ್ತೂ ಕೇಳಿರಲಿಲ್ಲ. ಬೆಳಿಗ್ಗೆ ಬುತ್ತಿ ಹಿಡಿದು ಹೋಗುತ್ತಿದ್ದರು, ಸಂಜೆ ಸೀಮೆಎಣ್ಣೆಯ ವಾಸನೆ ಹೊತ್ತು ಬರುತ್ತಿದ್ದರು. ನನಗೆ ಗೊತ್ತಿದ್ದದ್ದು ಅಷ್ಟೇ.

ಊರಿಗೆ ಬಂದ ಮೇಲೆ ವಿಮಾನಪುರದಲ್ಲಿರುವ ಚಾಚಾನನ್ನು ನೋಡಲು ಹೋದೆ. ಎಂಬತ್ತಾರು ವರ್ಷವಾಗಿದ್ದರೂ ನೆನಪು ಚೊಕ್ಕಟ. ಕೇಳಿದ್ದೇ ತಡ, ಎದ್ದು ಕೂತು ಹೇಳತೊಡಗಿದರು. ಯುದ್ಧ ಮುಗಿದ ಮೇಲೆ ಲಿಬರೇಟರ್ ಎಂಬ ನಾಲ್ಕು ಎಂಜಿನ್ನಿನ ಬಾಂಬರ್‌ಗಳನ್ನು ಕಾನ್ಪುರದಲ್ಲಿ ಮತ್ತೆ ಬಳಕೆಗೆ ಬಾರದಂತೆ ಹಾಳುಗೆಡವಿ ಬಿಟ್ಟುಹೋಗಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಎಚ್‌ಎಎಲ್‌ನವರು ಅವನ್ನು ತೇಪೆ ಹಾಕಿ ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಬಿಚ್ಚಿ, ಉಜ್ಜಿ, ಜೋಡಿಸಿ 42 ವಿಮಾನಗಳಿಗೆ ಮರುಜೀವ ಕೊಟ್ಟರು. 1948ರಿಂದ ನಮ್ಮ ವಾಯುಪಡೆ ಅವನ್ನು ಬಳಸಿತು. ಕೊನೆಗೆ ಸಮುದ್ರದ ಕಾವಲಿಗಿದ್ದ ಅವು 1968ರಲ್ಲಿ ನಿವೃತ್ತವಾದವು. ಅವುಗಳಲ್ಲೊಂದು ಈಗ ಬ್ರಿಟನ್ನಿನ ವಾಯುಪಡೆಯ ಮ್ಯೂಸಿಯಂ ಸೇರಿದೆ, ಇನ್ನೊಂದು ದೆಹಲಿಯ ಪಾಲಂನಲ್ಲಿದೆ.

"ನಿನ್ನ ಅಬ್ಬಾ ಅದನ್ನು ಕೈಯಾರೆ ಮುಟ್ಟಿದವನು. ಒಮ್ಮೆ ಪರೀಕ್ಷೆಗೆ ಹಾರಿಸುವಾಗ ಅವನನ್ನೂ ಹತ್ತಿಸಿಕೊಂಡಿದ್ದರು. ನಿನ್ನ ಅಮ್ಮಿ ಹೆದರುತ್ತಾಳೆಂದು ಮನೆಯಲ್ಲಿ ಹೇಳಲಿಲ್ಲ" ಎಂದು ಚಾಚಾ ನಕ್ಕರು. ಅರವತ್ತು ದಾಟಿದ ನಾನು ಚಿಕ್ಕ ಹುಡುಗಿಯಂತೆ ಬಾಯಿ ತೆರೆದು ಕೇಳಿದೆ. ಬರ್ಮಾದ ಊರುಗಳ ಮೇಲೆ ಬಾಂಬ್ ಸುರಿದು ಬಂದಿದ್ದ ಜಾತಿಯ ವಿಮಾನ ಅದು. ಅಬ್ಬಾನಿಗೆ ಅದು ಗೊತ್ತಿತ್ತೇ? ಗೊತ್ತಿದ್ದರೆ ಏನನ್ನಿಸಿತ್ತು? ಚಾಚಾನಿಗೂ ಅದಕ್ಕೆ ಉತ್ತರವಿರಲಿಲ್ಲ.

ಓದುಗ ಸಹೋದರಿಯರೇ, ನಿಮ್ಮ ಮನೆಯಲ್ಲೂ ಹೆಚ್ಚು ಮಾತನಾಡದ ಒಬ್ಬ ಹಿರಿಯರಿರಬಹುದು. ದೊಡ್ಡ ಯುದ್ಧ ಕಂಡವರೇ ಆಗಬೇಕೆಂದಿಲ್ಲ. ಬರಗಾಲವನ್ನೋ, ಪರದೇಶದ ದುಡಿಮೆಯನ್ನೋ ಕಂಡವರಿರಬಹುದು. ಇಂದು ಚಹಾ ಕೊಡುವಾಗ ಲೋಟ ಇಟ್ಟು ಹೊರಟುಬಿಡಬೇಡಿ. ಪಕ್ಕದಲ್ಲಿ ಕೂತು ಒಂದು ಮಾತು ಕೇಳಿ. ಅವರು ಹೇಳಿದ್ದನ್ನೆಲ್ಲ ತೂಗಿ ನೋಡಬೇಕಾಗಿಲ್ಲ, ಕೇಳಿದರೆ ಸಾಕು.

ಪಕ್ಕದ ಮನೆಯವರು ಆ ಪುಸ್ತಕದಲ್ಲಿ ಕತ್ತರಿಸಿದ ಹಾಳೆಗಳ ಜಾಗಕ್ಕೆ ದಿನಚರಿಯ ಪ್ರತಿಯನ್ನು ಅಂಟಿಸಿದ್ದಾರೆಂದು ಮಗಳು ಫೋನಿನಲ್ಲಿ ಹೇಳಿದಳು. ಆ ದಿನದ ಕೆಳಗೆ ತಮ್ಮ ಕೈಯಾರೆ ಸತ್ತವರ ಸಂಖ್ಯೆಯನ್ನೂ ಬರೆದಿದ್ದಾರಂತೆ, ಕೆಂಪು ಶಾಯಿಯಲ್ಲಿ.