ಸೀಮೆಎಣ್ಣೆ ಹಾದಿಯ ಹುಳುಗಳು

"ಟಾರ್ಚ್ ಆರಿಸಿ, ಮಾಮ. ಮಾತೂ ಬೇಡ" ಎಂದಳು ಅಕ್ಕನ ಮಗಳು. ಆರಿಸಿದೆ. ಕಣ್ಣು ಬಿಟ್ಟರೂ ಒಂದೇ, ಮುಚ್ಚಿದರೂ ಒಂದೇ. ಪಕ್ಕದಲ್ಲೆಲ್ಲೋ ತೊರೆ ಹರಿಯುವ ಸದ್ದು. ಸುರಂಗ ಬಾಗಿಕೊಂಡಿರುವುದರಿಂದ ಎರಡು ಬಾಯಿಗಳಲ್ಲಿ ಒಂದೂ ಕಾಣದು.

ಬೆಳಿಗ್ಗೆ ಸಿಡ್ನಿಯಿಂದ ಹೊರಟು ಲಿತ್ಗೋ ದಾಟಿ, ಮಣ್ಣುರಸ್ತೆಯಲ್ಲಿ ಕಾರು ಕುಲುಕಾಡಿಸಿಕೊಂಡು ಬಂದಿದ್ದೆವು. ದಾರಿಯುದ್ದಕ್ಕೂ ನೀಲಗಿರಿ. ನಮ್ಮೂರಲ್ಲಿ ಅಂತರ್ಜಲ ಹೀರುತ್ತದೆಂದು ಬೈಸಿಕೊಳ್ಳುವ ಮರ ತನ್ನ ತವರಿನಲ್ಲಿ ಎಷ್ಟು ಠೀವಿಯಿಂದ ನಿಂತಿತ್ತು! ಸುರಂಗದ ಬಾಯಿಗೆ ಬಂದರೆ ಆಳೆತ್ತರದ ಜರೀಗಿಡಗಳು, ಪಾಚಿ ಹತ್ತಿದ ಮರಳುಗಲ್ಲು. ಇಲ್ಲಿ ರೈಲು ಓಡಿತ್ತೆಂದರೆ ನಂಬುವುದು ಕಷ್ಟ.

ಓಡಿತ್ತು, 1907ರಿಂದ. ಕೆಳಗಿನ ವೋಲ್ಗನ್ ಕಣಿವೆಯ ನ್ಯೂನ್ಸ್‌ನಲ್ಲಿ ಕಾಯಿಸಿದರೆ ಎಣ್ಣೆ ಬಿಡುವ ಕಲ್ಲು ಸಿಕ್ಕಿತ್ತು. ಸೀಮೆಎಣ್ಣೆಯನ್ನೂ ಅದರ ಜೊತೆಯ ಸರಕುಗಳನ್ನೂ ಮೇಲಕ್ಕೆ ಸಾಗಿಸಲು ಹೆನ್ರಿ ಡೀನ್ ಎಂಬ ಎಂಜಿನಿಯರ್ ಸುಮಾರು 50 ಕಿಲೋಮೀಟರ್ ಹಳಿ ಹಾಸಿಸಿದ. ಅದಕ್ಕಾಗಿ ಕೊರೆದದ್ದೇ ಸುಮಾರು 400 ಮೀಟರಿನ ಈ ಸುರಂಗ. ಘಾಟಿಯಲ್ಲಿ 25 ಅಡಿ ಹೋದರೆ ಒಂದಡಿ ಏರು. ಊಟಿ ರೈಲಿನಂತೆ ಹಳಿಗಳ ನಡುವೆ ಹಲ್ಲುಪಟ್ಟಿ ಇರಲಿಲ್ಲ. 'ಶೇ' ಎಂಬ ಇಂಜಿನ್ನು ಗೇರುಗಳ ಮೂಲಕ ತನ್ನ ಎಲ್ಲ ಚಕ್ರಗಳಿಗೂ ಬಲ ಹಂಚಿಕೊಂಡು, ಏದುಸಿರು ಬಿಡುತ್ತ ಹತ್ತುತ್ತಿತ್ತು. ಇಷ್ಟೆಲ್ಲ ಮಾಡಿಯೂ ಎಣ್ಣೆಯ ವ್ಯಾಪಾರ ಕೈಹಿಡಿಯಲಿಲ್ಲ. 1932ರಲ್ಲಿ ರೈಲು ನಿಂತಿತು. ಆಮೇಲೆ ಹಳಿಗಳನ್ನೂ ಕಿತ್ತರು.

ಲಾಂದ್ರದ ಬುಡದಲ್ಲಿ ಕೂತು ಓದಿದವನು ನಾನು. ಸೀಮೆಎಣ್ಣೆಗೆಂದು ಕೊರೆದ ಕತ್ತಲಲ್ಲಿ ನಿಂತಿದ್ದೇನೆಂಬುದೇ ವಿಚಿತ್ರವೆನಿಸುತ್ತಿತ್ತು.

ಆಗ ಒಂದು ಚುಕ್ಕೆ. ಕಣ್ಣಿನ ಭ್ರಮೆಯೇನೋ ಅಂದುಕೊಂಡೆ. ಅದರ ಪಕ್ಕ ಇನ್ನೊಂದು, ಮೇಲೆ ನಾಲ್ಕು. ನೋಡನೋಡುತ್ತ ಗೋಡೆಯೂ ಚಾವಣಿಯೂ ಕರಗಿ, ನೀಲಿ ಬೆರೆತ ಹಸಿರು ನಕ್ಷತ್ರಗಳೇ ಉಳಿದವು. ತಲೆ ತಿರುಗಿದಂತಾಗಿ ಬಂಡೆ ಹಿಡಿದುಕೊಳ್ಳಲು ಕೈ ಚಾಚಿದೆ. ಅಲ್ಲೂ ಹುಳು ಇರಬಹುದೆಂದು ಹಿಂದಕ್ಕೆಳೆದುಕೊಂಡೆ.

ನಮ್ಮ ಮಲೆನಾಡಿನ ಮಿಣುಕುಹುಳಕ್ಕೆ ಇವು ನೆಂಟರಲ್ಲ. ಅದು ದುಂಬಿಯ ಕುಲ. ಇದು ಸೊಳ್ಳೆಯಂಥದೊಂದು ಕೀಟದ ಮರಿ, ಹೆಸರು ಅರಾಕ್ನೋಕಾಂಪಾ. ಮಿಣುಕುವುದೂ ಇಲ್ಲ, ಎವೆಯಿಕ್ಕದೆ ಉರಿಯುತ್ತದೆ. ಅಂಟುಹನಿ ಪೋಣಿಸಿದ ರೇಷ್ಮೆಯೆಳೆಗಳನ್ನು ಇಳಿಬಿಟ್ಟು, ಬೆಳಕು ತೋರಿಸಿ, ಹಾರಿಬರುವ ಕೀಟವನ್ನು ಎಳೆದುಕೊಂಡು ತಿನ್ನುತ್ತದೆ. ನಾನು ಬಾಯ್ಬಿಟ್ಟುಕೊಂಡು ನೋಡುತ್ತಿದ್ದದ್ದು ಸಾವಿರಾರು ಗಾಳಗಳನ್ನು!

"ಮಾಮ, ವಾಚು!" ಅವಳು ಪಿಸುಗುಟ್ಟಿದಳು.

ನನ್ನ ಹಳೆಯ ಗಡಿಯಾರದ ಮುಳ್ಳುಗಳು ಹಸಿರಾಗಿ ಹೊಳೆಯುತ್ತಿದ್ದವು. ತೋಳು ಎಳೆದು ಮುಚ್ಚುವಷ್ಟರಲ್ಲಿ ಮಣಿಕಟ್ಟಿಗೆ ಏನೋ ಸಣ್ಣದು, ರೆಕ್ಕೆಯಿದ್ದದ್ದು, ಬಂದು ತಾಗಿತು.